ನೀರು ಹೋದ ದಾರಿಯಲ್ಲಿ ಥಾರ್‌ಗೆ

ಚಿತ್ರದುರ್ಗದ ಮಗ್ಗುಲಲ್ಲಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48 ನಮ್ಮ ಕಡೆಯವರ ಬಾಯಲ್ಲಿ ಬೆಂಗಳೂರು ರಸ್ತೆ, ಇಲ್ಲವೇ ಹುಬ್ಬಳ್ಳಿ ರಸ್ತೆ. ಅದರ ಪೂರ್ತಿ ಓಟ ಬೇರೆಯೇ ಇದೆ. ಬೆಳಗಾವಿ, ಪುಣೆ, ಮುಂಬೈ, ಸೂರತ್, ಅಹಮದಾಬಾದ್ ದಾಟಿ, ಉದಯಪುರದ ಹತ್ತಿರ ಅರಾವಳಿಯ ಗುಡ್ಡಗಳೊಳಗೆ ನುಗ್ಗಿ, ಚಿತ್ತೋರಗಢ, ಕಿಶನ್‌ಗಢ, ಜೈಪುರದ ಮೇಲೆ ಅದು ದೆಹಲಿ ಸೇರುತ್ತದೆ. ನಮ್ಮೂರಿನ ಬೈಪಾಸ್‌ನಲ್ಲಿ ಕಾರು ಹತ್ತಿಸಿದರೆ ರಸ್ತೆಯ ಹೆಸರು ಬದಲಾಗದೆಯೇ ಮರುಭೂಮಿಯ ಹೊಸ್ತಿಲಿಗೆ ಹೋಗಿ ನಿಲ್ಲಬಹುದು. ಉದಯಪುರಕ್ಕೆ ಬೆಂಗಳೂರಿನಿಂದ ಸುಮಾರು 1,750 ಕಿ.ಮೀ., ನಮಗೆ ಅದಕ್ಕಿಂತ 200 ಕಿ.ಮೀ. ಕಡಿಮೆ. ಈ ಚಳಿಗಾಲದಲ್ಲಿ ಅರಾವಳಿಯ ತಪ್ಪಲು ಮತ್ತು ಥಾರ್ ಮರುಭೂಮಿಯನ್ನು ಕಾರಿನಲ್ಲೇ ನೋಡಿ ಬರುವುದೆಂದು ಮನೆಯಲ್ಲಿ ತೀರ್ಮಾನವಾದಾಗ ನನಗೆ ಮೊದಲು ಹೊಳೆದದ್ದು ಈ ಸಂಗತಿ.

ಎರಡನೆಯದಾಗಿ ನೆನಪಾದವರು ಭಾವ. ಅಕ್ಕನ ಗಂಡ. ಭೀಮಸಮುದ್ರದ ಮಂಡಿಗಳಲ್ಲಿ ಅಡಿಕೆ ಚೀಲ ತುಂಬಿಕೊಂಡು ಅಹಮದಾಬಾದಿಗೆ ವರ್ಷಗಟ್ಟಲೆ ಲಾರಿ ಓಡಿಸಿದವರು. ವಾಪಸ್ಸು ಖಾಲಿ ಗಾಡಿ ತರಬಾರದೆಂದು ಎಷ್ಟೋ ಸಲ ಕಿಶನ್‌ಗಢದವರೆಗೆ ಹೋಗಿ ಮಾರ್ಬಲ್ ಹೇರಿಕೊಂಡು ಬರುತ್ತಿದ್ದರು. ಈಗ ಲಾರಿ ಮಾರಿ ತೋಟ ನೋಡಿಕೊಂಡಿದ್ದಾರೆ. ‘ನೀವೂ ಅಕ್ಕನೂ ಬರಬೇಕು ಭಾವ, ನಿಮ್ಮನ್ನು ಬಿಟ್ಟು ಈ ದಾರಿ ಹಿಡಿಯೋ ಧೈರ್ಯ ನನಗಿಲ್ಲ’ ಅಂದೆ. ಒಪ್ಪಿದರು. ಅಂದು ರಾತ್ರಿ ಊಟವಾದ ಮೇಲೆ ಅವರ ಮನೆಯ ನಡುಮನೆಯಲ್ಲಿ ರಾಜಸ್ಥಾನದ ನಕಾಶೆ ಹರಡಿ ಕೂತೆವು.

ನಾನು ಬರೆದು ತಂದಿದ್ದ ಪಟ್ಟಿಯಲ್ಲಿ ಕೋಟೆಗಳು, ಅರಮನೆಗಳು, ಹವೇಲಿಗಳು ತುಂಬಿದ್ದವು. ಭಾವ ಕನ್ನಡಕ ಹಾಕಿಕೊಂಡು ಅದನ್ನು ಓದಿ ಪಕ್ಕಕ್ಕಿಟ್ಟರು. ‘ಕೋಟೆ ಎಲ್ಲಿಗೂ ಹೋಗಲ್ಲಪ್ಪ, ಕಣ್ಣಿಗೆ ಕಂಡೇ ಕಾಣ್ತಾವೆ. ಆ ಸೀಮೆಗೆ ಹೋಗೋನು ನೀರು ಎಲ್ಲೆಲ್ಲಿ ಐತೆ ಅಂತ ಮೊದ್ಲು ನೋಡ್ಕಬೇಕು. ನೀರಿರೋ ಕಡೆ ಊರು ಐತೆ, ಊರಿರೋ ಕಡೆ ರಸ್ತೆ ಐತೆ’ ಅಂದರು. ಲಾರಿಯ ರೇಡಿಯೇಟರಿಗೆ ನೀರು ಹುಡುಕಿದ ಅನುಭವದಿಂದ ಬಂದ ಮಾತು ಅದು. ಆ ಮಾತು ನಮ್ಮ ಪ್ರವಾಸದ ನಕ್ಷೆಯನ್ನೇ ಬದಲಿಸಿತು. ನೀರು ಎಲ್ಲಿ ಹುಟ್ಟುತ್ತದೆ, ಎಲ್ಲಿ ಹರಿಯುತ್ತದೆ, ಎಲ್ಲಿ ಇಂಗುತ್ತದೆ, ಯಾರು ಅದನ್ನು ಹೇಗೆ ಹಿಡಿದಿಟ್ಟರು ಎಂಬುದನ್ನೇ ಗುರುತು ಹಾಕುತ್ತ ಹೋದೆವು.

ಹಾಗೆ ಹೋದರೆ ಬೆಟ್ಟದ ತಪ್ಪಲೂ ಮರುಭೂಮಿಯೂ ಒಂದೇ ಕಥೆಯ ಎರಡು ಭಾಗಗಳೆಂದು ಕಾಣುತ್ತದೆ. ಅರಾವಳಿ ಹಿಮಾಲಯಕ್ಕಿಂತ ಎಷ್ಟೋ ಪಾಲು ಹಳೆಯದು, ಸವೆದು ತಗ್ಗಾದ ಬೆಟ್ಟಸಾಲು. ಅದರ ಅತಿ ಎತ್ತರದ ಶಿಖರ ಮೌಂಟ್ ಅಬುವಿನ ಗುರುಶಿಖರ, 1,722 ಮೀಟರ್. ಗುಜರಾತಿನ ಅಂಚಿನಿಂದ ದೆಹಲಿಯ ಕಡೆಗೆ, ನೈರುತ್ಯದಿಂದ ಈಶಾನ್ಯಕ್ಕೆ ಅದು ಓರೆಯಾಗಿ ಮಲಗಿದೆ. ಅರಬ್ಬೀ ಸಮುದ್ರದ ಮುಂಗಾರು ಗಾಳಿ ಬೀಸುವುದೂ ಹೆಚ್ಚುಕಡಿಮೆ ಅದೇ ದಿಕ್ಕಿಗೆ. ನಮ್ಮ ಪಶ್ಚಿಮ ಘಟ್ಟ ಆ ಗಾಳಿಗೆ ಅಡ್ಡ ನಿಂತಿರುವುದರಿಂದಲೇ ಆಗುಂಬೆಯಲ್ಲಿ 7,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಅರಾವಳಿ ಅಡ್ಡ ನಿಲ್ಲುವುದಿಲ್ಲ. ಗಾಳಿ ಅದರ ಪಕ್ಕೆ ಸವರಿಕೊಂಡು ಮುಂದೆ ಹೋಗಿಬಿಡುತ್ತದೆ. ಪಶ್ಚಿಮಕ್ಕಿರುವ ಜೈಸಲ್ಮೇರ್‌ಗೆ ವರ್ಷಕ್ಕೆ ಸರಾಸರಿ 200 ಮಿ.ಮೀ. ಆಸುಪಾಸು ಮಳೆ, ಅಷ್ಟೇ. ಕರ್ನಾಟಕದಲ್ಲೇ ಕಡಿಮೆ ಮಳೆಯ ಊರೆಂದು ನಾವು ಮರುಗುವ ಚಳ್ಳಕೆರೆಗೆ ಬೀಳುವ ಮಳೆಗಿಂತಲೂ ಅದು ಎಷ್ಟೋ ಕಡಿಮೆ.

ಇಷ್ಟರ ನಡುವೆ ಒಂದು ನದಿಯಿದೆ. ಲೂನಿ. ಅಜ್ಮೇರ್ ಪಕ್ಕದ ನಾಗ್ ಪಹಾಡಿನಲ್ಲಿ ಹುಟ್ಟಿ, ಅರಾವಳಿಯ ಪಶ್ಚಿಮ ಮಗ್ಗುಲಿನ ಹಳ್ಳಕೊಳ್ಳಗಳ ನೀರನ್ನೆಲ್ಲ ಕೂಡಿಸಿಕೊಂಡು, ಮರಳುಗಾಡಿನ ಅಂಚಿನಲ್ಲಿ ನೈರುತ್ಯಕ್ಕೆ ಇಳಿದು, ಸಮುದ್ರ ಸೇರದೆ ಕಛ್ಛಿನ ರಣ್‌ನಲ್ಲಿ ಇಂಗಿಹೋಗುತ್ತದೆ. ಬಾಲೋತ್ರಾ ಊರಿನವರೆಗೆ ಅದರ ನೀರು ಸಿಹಿ, ಅಲ್ಲಿಂದಾಚೆಗೆ ಉಪ್ಪು. ಭಾವ ಮೊಮ್ಮಗಳ ನೀಲಿ ಪೆನ್ಸಿಲ್ ತೆಗೆದುಕೊಂಡು ನಕಾಶೆಯ ಮೇಲೆ ಲೂನಿಯನ್ನು ದಪ್ಪಗೆ ಎಳೆದರು. ನಮ್ಮ ದಾರಿ ಆ ಗೆರೆಯ ಸುತ್ತ ಹೆಣೆದುಕೊಂಡಿತು: ಉದಯಪುರ, ರಾಣಕಪುರ, ಜವಾಯಿ, ಜೋಧಪುರ, ಫಲೋದಿ, ಜೈಸಲ್ಮೇರ್, ಬಾರ್ಮೇರ್, ಬಾಲೋತ್ರಾ.

ಉದಯಪುರದಲ್ಲಿ ಕೆರೆಗಳಿವೆ, ನೋಡುವವರೂ ಸಾಕಷ್ಟಿದ್ದಾರೆ. ಅಲ್ಲಿ ಹೆಚ್ಚು ತಂಗುವುದಿಲ್ಲ. ಚಿತ್ತೋರಗಢದ ರಸ್ತೆಯಲ್ಲಿ ಸಿಗುವ ಮೇನಾರ್ ಎಂಬ ಹಳ್ಳಿಗೆ ಒಂದು ಬೆಳಗು ಮೀಸಲು. ಊರವರೇ ಕಾಪಾಡಿಕೊಂಡು ಬಂದ ಕೆರೆಗಳು, ಅಲ್ಲಿಗೆ ಬರುವ ವಲಸೆ ಹಕ್ಕಿಗಳು, ಮೀನು ಹಿಡಿಯಬಾರದೆಂಬ ಊರ ಕಟ್ಟು. 2025ರ ಜೂನ್‌ನಲ್ಲಿ ಅದು ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸರ್ ಪಟ್ಟಿ ಸೇರಿತು. ಅಲ್ಲಿಂದ ಅರಾವಳಿಯನ್ನು ದಾಟಿ ಪಶ್ಚಿಮಕ್ಕಿಳಿಯಬೇಕು. ದೇಸೂರಿಯ ನಾಳ್ ಎಂಬ ಕಣಿವೆದಾರಿ ಮೇವಾಡದಿಂದ ಮಾರವಾಡಕ್ಕೆ ಇಳಿಯುವ ಹಳೆಯ ದಾರಿ, ಆದರೆ ಇಳಿಜಾರು ಕಡಿದು. ‘ಲೋಡ್ ಗಾಡಿಗಳು ಬ್ರೇಕ್ ಬಿಸಿ ಮಾಡ್ಕಂಡು ಇಳೀತಾವೆ, ಅವುಗಳ ಹಿಂದೆ ನಾವ್ಯಾಕೆ?’ ಎಂದು ಭಾವ ಅದನ್ನು ಬಿಡಿಸಿದರು. ಸಾಯರಾ ಮೇಲಿನ ರಸ್ತೆ ಹಿಡಿದರೆ ಹದಿನೈದನೆಯ ಶತಮಾನದ ರಾಣಕಪುರ ಜಿನಾಲಯದ ಮುಂದೆಯೇ ಇಳಿಯುತ್ತೇವೆ. ಅದರ 1,444 ಅಮೃತಶಿಲೆಯ ಕಂಬಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ. ಎದ್ದ ಜಾಗದ ಕಲ್ಲಿನಲ್ಲೇ ಆ ಗುಡಿ ಬೆಳೆದಂತೆ ಕಾಣುತ್ತದೆಂದು ಮಾತ್ರ ಭಾವ ಹೇಳಿದರು.

ಅಮೃತಶಿಲೆಯ ಮಾತು ಬಂದಾಗ ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಕಿಶನ್‌ಗಢದಿಂದ ಅವರು ಹೇರಿಕೊಂಡು ಬಂದ ಕಲ್ಲು ದಾವಣಗೆರೆ, ಚಿತ್ರದುರ್ಗದ ಎಷ್ಟು ಮನೆಗಳ ನೆಲವಾಗಿದೆಯೋ, ಎಷ್ಟು ದೇವರಮನೆಗಳ ಕಟ್ಟೆಯಾಗಿದೆಯೋ. 2018ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ವರದಿಯೊಂದು, ರಾಜಸ್ಥಾನದ ಅರಾವಳಿಯಲ್ಲಿ ಪರಿಶೀಲನೆಗೆ ಆಯ್ದುಕೊಂಡ 128 ಗುಡ್ಡಗಳಲ್ಲಿ 31 ಕಾಣೆಯಾಗಿವೆ ಎಂದಿತ್ತು. ಅವುಗಳ ಬಹುಪಾಲಿಗೆ ಕಾರಣ ಅಕ್ರಮ ಗಣಿಗಾರಿಕೆ. ಮರಳು ಪೂರ್ವಕ್ಕೆ ಹರಡದಂತೆ ತಡೆದು ನಿಂತಿರುವುದು ಈ ತಗ್ಗು ಗುಡ್ಡಗಳೇ. ಬಳ್ಳಾರಿ, ಸಂಡೂರಿನ ಗುಡ್ಡಗಳು ಕರಗಿದ್ದನ್ನು ಕಣ್ಣಾರೆ ಕಂಡ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ತಪ್ಪಲಿನಲ್ಲಿ ಹೋಗುವಾಗ ಗಣಿಗುಂಡಿಗಳ ಕಡೆಗೂ ಒಮ್ಮೆ ಕಾರು ನಿಲ್ಲಿಸಬೇಕೆಂದು ಬರೆದುಕೊಂಡೆ. ಪ್ರವಾಸವೆಂದರೆ ಚೆಂದದ್ದನ್ನಷ್ಟೇ ನೋಡುವುದು ಎಂದುಕೊಂಡರೆ ನಾಡೊಂದರ ಅರ್ಧ ಭಾಗ ಕಣ್ಣಿಗೆ ಬೀಳುವುದೇ ಇಲ್ಲ.

ರಾಣಕಪುರದಿಂದ ಇಳಿದು ಪಶ್ಚಿಮಕ್ಕೆ ತಿರುಗಿದರೆ ಜವಾಯಿ. ಲೂನಿಯ ಉಪನದಿಗೆ ಕಟ್ಟಿ 1957ರಲ್ಲಿ ಪೂರೈಸಿದ ಅಣೆಕಟ್ಟು ಇಲ್ಲಿದೆ. ಸುತ್ತ ಬೋಳು ಗ್ರಾನೈಟ್ ಬಂಡೆಗಳ ಗುಡ್ಡಗಳು. ಅವುಗಳ ಗುಹೆಗಳಲ್ಲಿ ಚಿರತೆ, ಬುಡದಲ್ಲಿ ರಬಾರಿ ಎಂಬ ಕುರಿಗಾಹಿಗಳ ಕುರಿ ಮೇಕೆ. ಕುರಿ ಹೋದಾಗ ರಬಾರಿಗಳು ಚಿರತೆಯ ಮೇಲೆ ಹಗೆ ಸಾಧಿಸುವುದಿಲ್ಲ ಎಂಬುದು ಆ ಸೀಮೆಯ ಹೆಸರು. ಚಿರತೆ ತೋರಿಸುತ್ತೇವೆಂದು ಜೀಪಿನಲ್ಲಿ ಬಂಡೆ ಹತ್ತಿಸುವವರು ಬೇಕಾದಷ್ಟಿದ್ದಾರೆ. ಬೆಳಕು ಹಾಯಿಸಿ ಪ್ರಾಣಿಯನ್ನು ಹುಡುಕುವವರ ಜೊತೆ ಹೋಗುವುದಿಲ್ಲ ಎಂದು ಹೆಂಡತಿ ಮೊದಲೇ ಹೇಳಿಬಿಟ್ಟಿದ್ದಾಳೆ. ಅಣೆಕಟ್ಟಿನ ದಂಡೆಯಲ್ಲಿ ಒಂದು ಸಂಜೆ ಕೂತರೆ ನಮಗೆ ಸಾಕು.

ಜೋಧಪುರದಲ್ಲಿ ಮೆಹರಾನ್‌ಗಢ ಕೋಟೆಯಷ್ಟೇ ಅದರ ಮಗ್ಗುಲಿನ ಕಲ್ಲುಗಾಡೂ ನೋಡುವಂಥದ್ದು. 1930ರ ದಶಕದಲ್ಲಿ ಅಲ್ಲಿಯ ಮಹಾರಾಜರು ನಾಡು ಹಸಿರಾಗಲೆಂದು ವಿಮಾನದಿಂದ ಬೀಜ ಚೆಲ್ಲಿಸಿದ್ದು ನಮ್ಮ ಬಳ್ಳಾರಿ ಜಾಲಿಯನ್ನೇ. ಅದು ಹಬ್ಬಿ ಬೇರೆ ಗಿಡಗಳಿಗೆ ಜಾಗವಿಲ್ಲದಂತೆ ಮಾಡಿತು. 2006ರಲ್ಲಿ ಪರಿಸರವಾದಿ ಪ್ರದೀಪ್ ಕೃಷನ್ ಅವರ ಮೇಲ್ವಿಚಾರಣೆಯಲ್ಲಿ ಅಲ್ಲಿ ರಾವ್ ಜೋಧಾ ಕಲ್ಲುಗಾಡು ಉದ್ಯಾನದ ಕೆಲಸ ಶುರುವಾದಾಗ ಜಾಲಿಯ ಬೇರನ್ನು ಬಂಡೆಯ ಸೀಳಿನಿಂದ ಹೇಗೆ ಕೀಳುವುದೆಂಬುದೇ ಸಮಸ್ಯೆಯಾಯಿತು. ಕಲ್ಲುಗಣಿಯಲ್ಲಿ ದುಡಿದ ಖಂಡವಾಲಿಯಾ ಜನ ಬಂದರು. ಬಂಡೆಯನ್ನು ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ, ಎಲ್ಲಿ ಒಡೆದರೆ ಬೇರು ಬುಡಸಮೇತ ಬರುತ್ತದೆಂದು ಹೇಳಬಲ್ಲವರು ಅವರು. ಆ ಗುಂಡಿಗಳಲ್ಲೇ ಮರುಭೂಮಿಯ ಸ್ವಂತ ಗಿಡಗಳನ್ನು ನೆಟ್ಟರು.

ಅಕ್ಕನಿಗೆ ಜೋಧಪುರದ ಬಳಿ ನೋಡಬೇಕಾದದ್ದು ಒಂದೇ: ಖೇಜಡ್ಲಿ. 1730ರಲ್ಲಿ ಅರಮನೆಯ ಸುಣ್ಣದ ಗೂಡಿಗೆ ಮರ ಕಡಿಯಲು ಬಂದ ಆಳುಗಳ ಮುಂದೆ ಅಮೃತಾದೇವಿ ಎಂಬ ಬಿಷ್ಣೋಯಿ ಹೆಂಗಸು ಮರ ತಬ್ಬಿ ನಿಂತಳು. ಅವಳ ಜೊತೆಗೆ, ಅವಳ ನಂತರ, ಒಟ್ಟು 363 ಜನ ಪ್ರಾಣ ಕೊಟ್ಟರು. ಅವರು ಕಾಪಾಡಿದ ಖೇಜಡಿ ಮರ ಬೇರಾವುದೂ ಅಲ್ಲ, ದಸರೆಯಲ್ಲಿ ನಾವು ಸುತ್ತು ಬಂದು ಪೂಜಿಸುವ ಬನ್ನಿ. ಅಲ್ಲಿ ಅದರ ಎಳೆ ಕಾಯಿಯನ್ನು ಒಣಗಿಸಿ ವರ್ಷವಿಡೀ ಪಲ್ಯ ಮಾಡುತ್ತಾರೆ, ಸೊಪ್ಪನ್ನು ಮೇಕೆ ಒಂಟೆಗಳಿಗೆ ಹಾಕುತ್ತಾರೆ, ನೆರಳಿನಲ್ಲಿ ಸಜ್ಜೆ ಬೆಳೆಯುತ್ತಾರೆ. ‘ನಾವು ವರ್ಷಕ್ಕೊಂದಿನ ಕೈ ಮುಗೀತೀವಿ, ಅವರು ಅದರ ಕೈಲೇ ಬದುಕ್ತಾರೆ’ ಅಂದಳು ಅಕ್ಕ.

ಮುಂದಿನ ದಾರಿ ನನಗೆ ಸ್ವಲ್ಪ ಗೊತ್ತು. ಹಿಂದೊಮ್ಮೆ ರೈಲಿನಲ್ಲಿ ಜೋಧಪುರಕ್ಕೆ ಹೋಗಿ, ಅಲ್ಲಿಂದ ಬಸ್ಸು ಜೀಪು ಹಿಡಿದು ಫಲೋದಿ, ಜೈಸಲ್ಮೇರ್ ಕಂಡಿದ್ದೆ. ಫಲೋದಿ ಪಕ್ಕದ ಖೀಚನ್ ಹಳ್ಳಿಗೆ ಚಳಿಗಾಲದಲ್ಲಿ ಮಂಗೋಲಿಯಾ, ಮಧ್ಯ ಏಷ್ಯಾದ ಕಡೆಯಿಂದ ಕ್ರೌಂಚ ಪಕ್ಷಿಗಳು ಸಾವಿರಗಟ್ಟಲೆ ಬರುತ್ತವೆ. ಅಲ್ಲಿಯವರಿಗೆ ಅವು ಕುರ್ಜಾ. ಬೆಳಗಿನ ಚಳಿಯಲ್ಲಿ ಯಾರದೋ ಮನೆಯ ಮಾಳಿಗೆಯ ಮೇಲೆ ಕಂಬಳಿ ಹೊದ್ದು ನಿಂತಿದ್ದೆ. ಊರಾಚೆಯ ದಿಬ್ಬಗಳ ಮೇಲೆ ಮೊದಲು ಬೂದುಬಣ್ಣದ ಗೆರೆಯಷ್ಟೇ ಕಂಡಿತು. ಆಮೇಲೆ ಆ ಗೆರೆ ಎದ್ದು ಆಕಾಶಕ್ಕೇರಿತು. ಊರವರು ಬೇಲಿ ಕಟ್ಟಿ ಜೋಳ ಹರಡಿದ ಚುಗ್ಗಾಘರ್ ಎಂಬ ಅಂಗಳಕ್ಕೆ ಒಂದರ ಹಿಂದೊಂದು ಗುಂಪು ಇಳಿಯಿತು. ಬೂದು ಮೈ, ಕಪ್ಪು ಕೊರಳು, ಕೆಂಪು ಕಣ್ಣಿನ ಹಿಂದಿನಿಂದ ಜೋತ ಬಿಳಿ ಗರಿಯ ಕುಚ್ಚು. ಅವುಗಳ ಕೂಗಿನಲ್ಲಿ ಪಕ್ಕದವರ ಮಾತು ಕೇಳಿಸುತ್ತಿರಲಿಲ್ಲ. ತಿಂದಾದ ಮೇಲೆ ಅವು ಊರ ಕೆರೆಗಳಿಗೆ ಹೋಗುತ್ತವೆ. ಹಿಂದಿನವರು ಊರಿಗೆಂದು ಕಟ್ಟಿಸಿದ ಕೆರೆಗಳು ಇಲ್ಲದಿದ್ದರೆ ಕಾಳು ಹಾಕಿದರೂ ಹಕ್ಕಿ ಉಳಿಯುತ್ತಿರಲಿಲ್ಲ. ಮೇನಾರ್ ಜೊತೆಗೇ ಖೀಚನ್ ಕೂಡ ರಾಮ್ಸರ್ ಪಟ್ಟಿಗೆ ಸೇರಿತು. ಇದೇ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ಬಿಸಿಲು ದಾಖಲಾಗಿತ್ತು. ಹೊರಡುವ ಕಾಲ ಗೊತ್ತುಮಾಡಲು ನಮಗೆ ಚಳಿಗಾಲದ ಹಕ್ಕಿ, ಬೇಸಿಗೆಯ ಬಿಸಿಲು, ಈ ಎರಡು ಸಂಗತಿಗಳೇ ಸಾಕಾದವು.

ಜೈಸಲ್ಮೇರ್ 1156ರಲ್ಲಿ ಹುಟ್ಟಿದ ಊರು. ಹಳದಿ ಕಲ್ಲಿನ ಕೋಟೆ ಎಷ್ಟೋ ದೂರದಿಂದಲೇ ಕಾಣುತ್ತದೆ. ಆದರೆ ಅಷ್ಟು ಶತಮಾನ ಅಲ್ಲಿ ಜನ ನಿಂತದ್ದು ಗಡೀಸರ್‌ನಂಥ ಕೆರೆಗಳಿಂದ, ಹಳ್ಳಿಗಳಲ್ಲಿ ಬೇರಿ ಅಥವಾ ಕೂಈ ಎಂಬ ಕಿರುಬಾವಿಗಳಿಂದ. ಇವುಗಳ ಬಗ್ಗೆ ನನಗೆ ಕಣ್ಣು ತೆರೆಸಿದವರು ಅನುಪಮ್ ಮಿಶ್ರ. ಅವರ ‘ರಾಜಸ್ಥಾನ್ ಕೀ ರಜತ್ ಬೂಂದೇಂ’ ಓದಿಯೇ ನಾನು ಆ ಕಡೆ ಹೋಗಿದ್ದು. ಮರುಭೂಮಿಯ ಜನ ನೀರನ್ನು ಮೂರು ಬಗೆಯಾಗಿ ನೋಡುತ್ತಾರೆ. ನೆಲದ ಮೇಲೆ ಹರಿದು ನಿಲ್ಲುವ ಮಳೆನೀರು ಒಂದು. ಆಳದಲ್ಲಿರುವ, ಬಹಳ ಕಡೆ ಉಪ್ಪಾದ ಪಾತಾಳದ ನೀರು ಇನ್ನೊಂದು. ಎರಡರ ನಡುವೆ, ಮರಳಿನಲ್ಲಿ ಇಂಗಿದ ಮಳೆ ಕೆಳಗಿನ ಉಪ್ಪುನೀರಿಗೆ ಸೇರದಂತೆ ಜಿಪ್ಸಮ್‌ನ ಪದರವೊಂದು ಕೆಲವು ಕಡೆ ತಡೆದು ನಿಲ್ಲಿಸಿರುತ್ತದೆ. ಆ ತೇವವೇ ಮೂರನೆಯ ನೀರು.

ರಾಮಗಢದ ಆಚೆ ಒಂದು ಒಣಕೆರೆಯ ಅಂಗಳದಲ್ಲಿ ನಾನು ಬೇರಿಯನ್ನು ಹತ್ತಿರದಿಂದ ನೋಡಿದೆ. ನೆಲಮಟ್ಟಕ್ಕಿಂತ ತುಸು ಎತ್ತರದ ಕಲ್ಲುಕಟ್ಟೆ, ನಡುವೆ ಮರದ ಮುಚ್ಚಳ. ನಡುವಯಸ್ಸಿನ ಹೆಂಗಸೊಬ್ಬಳು ಮುಚ್ಚಳ ಸರಿಸಿದಾಗ ಒಳಗಿಂದ ತಣ್ಣನೆಯ ಗಾಳಿ ಮುಖಕ್ಕೆ ಬಂತು. ಒಬ್ಬ ಮನುಷ್ಯ ಕೂತು ಅಗೆಯಲು ಆಗುವಷ್ಟೇ ಅಗಲ. ಅಗಲ ಹೆಚ್ಚಾದರೆ ಒಸರುವ ನೀರು ತಳದಲ್ಲಿ ತೆಳುವಾಗಿ ಹರಡಿ ಕೊಡಕ್ಕೆ ಸಿಗುವುದಿಲ್ಲ. ಸುತ್ತಲಿನ ಮರಳಿನಿಂದ ಹನಿಹನಿಯಾಗಿ ನೀರು ಜಿನುಗಿ ರಾತ್ರಿಯೆಲ್ಲ ತಳದಲ್ಲಿ ಕೂಡಿರುತ್ತದೆ. ಅವಳು ಹಗ್ಗ ಇಳಿಬಿಟ್ಟಳು. ಬಕೆಟ್ಟು ತಳ ಮುಟ್ಟಿದ ಮೇಲೆ ಹಗ್ಗವನ್ನು ಎರಡು ಸಲ ಒದರಿ, ಸ್ವಲ್ಪ ಹೊತ್ತು ಹಾಗೇ ಹಿಡಿದು ನಿಂತು, ಮೇಲೆಳೆದಳು. ಅರ್ಧ ಬಕೆಟ್ಟು. ಬಟ್ಟೆಯಲ್ಲಿ ಸೋಸಿ ಕೊಡಕ್ಕೆ ಹೊಯ್ದು, ಬಟ್ಟೆಯಲ್ಲಿ ಉಳಿದ ತೇವವನ್ನೂ ಹಿಂಡಿದಳು. ದಿನಕ್ಕೆ ಎರಡು ಮೂರು ಕೊಡ, ಅಷ್ಟೇ. ನನಗೂ ಬೊಗಸೆ ಒಡ್ಡಲು ಹೇಳಿ ನೀರು ಹಾಕಿದಳು. ಸಿಹಿಯಾಗಿತ್ತು. ಹೆಚ್ಚಿನದು ಬೆರಳ ಸಂದಿಯಿಂದ ಸೋರದಂತೆ ಎಷ್ಟು ಜೋಪಾನ ಮಾಡಿದೆನೋ.

ಹೊಲಕ್ಕೂ ಅವರಲ್ಲಿ ಹೀಗೇ ಒಂದು ಉಪಾಯ ಇದೆ, ಖಡೀನ್. ಕಲ್ಲುನೆಲದ ಇಳಿಜಾರಿನಿಂದ ಹರಿದು ಬರುವ ಮಳೆನೀರಿಗೆ ತಗ್ಗಿನಲ್ಲಿ ಮಣ್ಣಿನ ಒಡ್ಡು ಹಾಕಿ ನಿಲ್ಲಿಸುತ್ತಾರೆ. ನೀರು ಇಂಗಿದ ಮೇಲೆ ಆ ಹಸಿಯಲ್ಲೇ ಗೋಧಿ, ಕಡಲೆ ಬಿತ್ತುತ್ತಾರೆ. ಮತ್ತೆ ನೀರು ಹಾಯಿಸುವುದಿಲ್ಲ. ಹದಿನೈದನೆಯ ಶತಮಾನದ ಹೊತ್ತಿಗೆ ಪಾಲೀವಾಲ್ ಬ್ರಾಹ್ಮಣರು ಇದನ್ನು ಬೆಳೆಸಿದರು ಎನ್ನುತ್ತಾರೆ. ಪಾಲೀವಾಲರು ಬಿಟ್ಟುಹೋದ ಕುಲಧರಾ ಎಂಬ ಪಾಳುಹಳ್ಳಿಗೆ ಈಗ ದೆವ್ವದ ಊರೆಂದು ಜನ ಮುಗಿಬೀಳುತ್ತಾರೆ. ಜೈಸಲ್ಮೇರ್ ದಿವಾನನ ಕಾಟಕ್ಕೆ ಊರು ಬಿಟ್ಟರೋ, ನೀರು ಬತ್ತಿ ಬಿಟ್ಟರೋ, ಎರಡೂ ಮಾತು ಕೇಳಿಬರುತ್ತವೆ. ಸಜ್ಜೆಯೂ ಕಷ್ಟವಾದ ನೆಲದಲ್ಲಿ ಗೋಧಿ ಬೆಳೆದವರ ಊರಿಗೆ ದೆವ್ವದ ಹೆಸರು ಕಟ್ಟುವುದು ನನಗೆ ನೋವಿನ ವಿಷಯ. ನಮ್ಮ ಯೋಜನೆಯಲ್ಲಿ ಕುಲಧರಾಗೆ ಒಂದು ಗಂಟೆ, ಖಡೀನ್‌ಗೆ ಅರ್ಧ ದಿನ.

ಹೊಸ ನೀರೂ ಬಂದಿದೆ. ಸತ್ಲಜ್, ಬಿಯಾಸ್ ಕೂಡುವ ಪಂಜಾಬಿನ ಹರಿಕೆಯಿಂದ ಹೊರಟು ಸುಮಾರು 650 ಕಿ.ಮೀ. ಹರಿದು ಜೈಸಲ್ಮೇರ್ ಜಿಲ್ಲೆಯ ಮೋಹನಗಢ ಮುಟ್ಟುವ ಇಂದಿರಾ ಗಾಂಧಿ ಕಾಲುವೆಯ ಕೆಲಸ 1958ರಲ್ಲಿ ಶುರುವಾಯಿತು. ಮರಳಿನ ನಡುವೆ ತುಂಬಿ ಹರಿಯುವ ಕಾಲುವೆಯನ್ನು ಕಂಡವರಿಗೆ ಎದೆ ತುಂಬಿ ಬರುತ್ತದೆ. ಎಷ್ಟೋ ಮನೆಗಳ ಹೆಂಗಸರ ಹೊರೆ ಅದು ಇಳಿಸಿದೆ. ಅದೇ ಕಾಲುವೆಯ ಕೆಳಗೆ ನೀರು ಜೌಗಾಗಿ, ಉಪ್ಪು ಮೇಲೆ ಬಂದು ಹಾಳಾದ ಜಮೀನೂ ಇದೆ. ಸಿಂಧನೂರು, ಗಂಗಾವತಿಯ ಚೌಳು ಕಂಡವರು ಅದನ್ನು ನೋಡಿದ ಕೂಡಲೇ ಗುರುತಿಸುತ್ತಾರೆ. ನನ್ನ ಮಟ್ಟಿಗೆ ಕಾಲುವೆಯೂ ಬೇಕು, ಬೇರಿಯೂ ಬೇಕು. ನಲ್ಲಿ ಬಂತೆಂದು ಬೇರಿಗೆ ಕಸ ತುಂಬಿದರೆ ನಲ್ಲಿ ನಿಂತ ದಿನ ಊರು ಕಂಗಾಲು.

ಸಮ್, ಸುದಾಸರಿ ಕಡೆಯ ಮರುಭೂಮಿ ರಾಷ್ಟ್ರೀಯ ಉದ್ಯಾನದಲ್ಲಿ ಗೋಡಾವಣ್ ಇದೆ. ನಮ್ಮ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಎರೆಬೂತ ಹಕ್ಕಿಯೇ ಅದು. ದೇಶದಲ್ಲಿ ಒಟ್ಟು 150ರ ಆಸುಪಾಸು ಉಳಿದಿದ್ದು, ಹೆಚ್ಚಿನವು ಅಲ್ಲಿವೆ. ವಿದ್ಯುತ್ ತಂತಿಗೆ ಡಿಕ್ಕಿ ಹೊಡೆದು ಸಾಯುವುದು ಅದರ ದೊಡ್ಡ ಕಂಟಕ. ದೂರದಿಂದ ಕಂಡರೆ ಪುಣ್ಯ, ಬೆನ್ನು ಹತ್ತುವುದಿಲ್ಲ.

ಗಾಡಿಯ ವಿಚಾರದಲ್ಲಿ ಭಾವನದೇ ಕೊನೆಯ ಮಾತು. ಮರುಭೂಮಿಯಲ್ಲಿ ದಿನಕ್ಕೆ ಇನ್ನೂರು ಕಿ.ಮೀ. ಮೇಲೆ ಓಡಿಸುವಂತಿಲ್ಲ. ಕತ್ತಲಾದ ಮೇಲೆ ಚಕ್ರ ಉರುಳುವಂತಿಲ್ಲ. ದನ, ಒಂಟೆ, ನೀಲ್‌ಗಾಯ್ ರಸ್ತೆಯ ಮೇಲೇ ಇರುತ್ತವೆ. ಗಾಳಿ ಬೀಸಿದ ಮರುದಿನ ಡಾಂಬರಿನ ಮೇಲೆ ಮರಳಿನ ಪಟ್ಟೆ ಬಿದ್ದಿರುತ್ತದೆ. ‘ಅದು ಕಂಡಾಗ ಬ್ರೇಕ್ ಒತ್ತಬ್ಯಾಡ, ಸ್ಟೇರಿಂಗ್ ತಿರುಗಿಸಬ್ಯಾಡ, ಮುಂಚೇನೇ ವೇಗ ಇಳಿಸಿ ನೆಟ್ಟಗೆ ಹೋಗು. ಫೋಟೋಕ್ಕೆ ಅಂತ ರಸ್ತೆ ಬಿಟ್ಟು ಗಾಡಿ ಇಳಿಸಬ್ಯಾಡ, ಚಕ್ರ ಹೂತ್ಕಂತಾವೆ’ ಅಂದರು. ರಾಮಗಢದಲ್ಲಿ ಟ್ಯಾಂಕ್ ತುಂಬಿಸಿಕೊಂಡೇ ಗಡಿಯ ತನೋಟ್ ಕಡೆ ಹೊರಡಬೇಕು. ಆ ಕಡೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ನಕಾಶೆ ಕಾಗದದ್ದೂ ಇರಬೇಕು, ಗುರುತಿನ ಚೀಟಿ ಕೈಗೆ ಸಿಗುವಂತಿರಬೇಕು. ಗಾಳಿ ತುಂಬಿದ ಸ್ಟೆಪ್ನಿ, ಎರಡು ದೊಡ್ಡ ಕ್ಯಾನ್ ನೀರು, ರಾತ್ರಿಯ ಚಳಿಗೆ ದಪ್ಪ ರಗ್ಗು.

ವಾಪಸ್ಸು ಬಾರ್ಮೇರ್ ಮೇಲೆ ಬಾಲೋತ್ರಾಕ್ಕೆ ಬರುತ್ತೇವೆ, ಲೂನಿಯ ನೀರು ಉಪ್ಪಾಗುವ ಜಾಗಕ್ಕೆ. ಆದರೆ ಅಲ್ಲಿ ಈಗ ನದಿಗೆ ಉಪ್ಪಿಗಿಂತ ಹೆಚ್ಚಾಗಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ಕೊಳೆನೀರು ಸೇರುತ್ತಿದೆ. ಅದನ್ನೂ ನೋಡಬೇಕು. ಅರಾವಳಿಯ ಆ ತುದಿಯ ಅಲ್ವರ್‌ನಲ್ಲಿ ಇದಕ್ಕೆ ಎದುರಾದ ಕಥೆಯಿದೆ: ರಾಜೇಂದ್ರ ಸಿಂಗ್ ಅವರ ತರುಣ್ ಭಾರತ್ ಸಂಘ 1985ರಿಂದ ಹಳ್ಳಿಗರೊಂದಿಗೆ ತಪ್ಪಲಿನಲ್ಲಿ ಜೋಹಡ್ ಎಂಬ ಒಡ್ಡುಕೆರೆಗಳನ್ನು ಕಟ್ಟುತ್ತ ಹೋಗಿ, ಬತ್ತಿದ್ದ ಅರ್ವರಿ ನದಿಯನ್ನು ಮತ್ತೆ ಹರಿಸಿತು. ದೂರವಾಗುತ್ತದೆಂದು ಈ ಸಲ ಬಿಟ್ಟಿದ್ದೇವೆ. ಅವಸರದಲ್ಲಿ ಇಣುಕಿ ಬರುವ ಜಾಗ ಅದಲ್ಲ.

ನೀವೂ ಆ ಕಡೆ ಹೊರಡುವವರಾದರೆ ನವೆಂಬರ್‌ನಿಂದ ಫೆಬ್ರವರಿಯೊಳಗೆ ಹೋಗಿ. ಜೈಸಲ್ಮೇರ್‌ನಲ್ಲಿ ಒಂಟೆ ಸವಾರಿ ಮುಗಿಸಿ ಹಿಂತಿರುಗಬೇಡಿ, ಇನ್ನೊಂದು ದಿನ ಇಟ್ಟುಕೊಂಡು ರಾಮಗಢದ ಕಡೆ ಒಂದು ಬೇರಿ, ಒಂದು ಖಡೀನ್ ನೋಡಿ. ಊರವರನ್ನು ಕೇಳಿದರೆ ಕರೆದೊಯ್ದು ತೋರಿಸುತ್ತಾರೆ. ಮರಳಿನ ನಡುವೆ ಈಜುಕೊಳ ಇಟ್ಟುಕೊಂಡ ಡೇರೆ ರೆಸಾರ್ಟುಗಳಲ್ಲಿ ದಯವಿಟ್ಟು ಉಳಿಯಬೇಡಿ. ಕುಡಿಯುವ ನೀರನ್ನು ಗಾಡಿಯಲ್ಲೇ ಒಯ್ಯಿರಿ. ಹಳ್ಳಿಯ ಮನೆಯಲ್ಲಿ ಕೊಡದಿಂದ ನೀರು ಕೊಟ್ಟರೆ ಪೂರ್ತಿ ಕುಡಿಯಿರಿ, ಆ ನೀರಿನಲ್ಲಿ ಕೈ ತೊಳೆಯಬೇಡಿ.